ಕಂಪ್ಯೂಟರಿನ ಚಿಗುರು ತೆಗೆದದ್ದು

ಕಾಫಿ ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ಆದ ನನಗೆ ಕಂಪ್ಯೂಟರನ್ನು ಕೆಡಿಸುವಷ್ಟು ವಿದ್ಯೆ ಮಾತ್ರ ಇತ್ತು. ಆಫೀಸಿನ ಹಳೆಯ ಯಂತ್ರ ತೆವಳುತ್ತಿತ್ತು. ಕಾಫಿ ಗಿಡದಲ್ಲಿ ಬೇಡದ ಚಿಗುರು ಬಂದು ಸಾರ ಹೀರಿದರೆ ಮುರಿದು ಎಸೆಯುತ್ತೇವಲ್ಲ, ಇದಕ್ಕೂ ಹಾಗೇ ಮಾಡೋಣ ಎನಿಸಿತು. ಒಂದು ಫೋಲ್ಡರಿನಲ್ಲಿ ನಾನು ಯಾವತ್ತೂ ತೆರೆಯದ, ಹೆಸರು ಹೇಳಲೂ ಬಾರದ ರಾಶಿ ಫೈಲುಗಳಿದ್ದವು. ಅಳಿಸಲೇ, ನಿಜವಾಗಿಯೂ ಅಳಿಸಲೇ ಎಂದು ಅದು ಕೇಳಿದಾಗಲೆಲ್ಲ ಹೌದು ಎಂದೆ. ನನ್ನ ಹಟ ಅಂಥದ್ದು. ಮರುದಿನ ಕಪ್ಪು ಪರದೆಯ ಮೇಲೆ, ಆಪರೇಟಿಂಗ್ ಸಿಸ್ಟಮ್ ಸಿಗುತ್ತಿಲ್ಲ ಎಂಬ ಒಂದೇ ಸಾಲು.

ಅಮ್ಮಾವ್ರ ಮಳೆ ಲೆಕ್ಕ ಅದರೊಳಗಿತ್ತು. ಅಮ್ಮಾವ್ರೆಂದರೆ ಮಾಲೀಕರ ತಾಯಿ. ಮದುವೆಯಾಗಿ ಬಂದಾಗಿನಿಂದ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಎಷ್ಟು ಇಂಚು, ಇಂಚಿನ ನೂರರಲ್ಲೊಂದು ಪಾಲಾದ ಸೆಂಟ್ಸು ಎಷ್ಟು ಎಂದು ಬರೆದಿಟ್ಟವರು. ಅವರಿಗೆ ಮಂಡಿನೋವು ಶುರುವಾದ ಮೇಲೆ ಆ ಕೆಲಸ ನನಗೆ ಬಂತು. ಗೆದ್ದಲು ಹಿಡಿದ ಅವರ ಪುಸ್ತಕಗಳನ್ನೆಲ್ಲ ಟೈಪ್ ಮಾಡಿ, ಒಲೆಗೆ ಹಾಕಿದವನೂ ನಾನೇ.

ಎರಡು ದಿನ ಅವರ ಕಣ್ಣಿಗೆ ಬೀಳದೆ ತಪ್ಪಿಸಿಕೊಂಡೆ. ಮೂರನೆಯ ದಿನ ಯಂತ್ರವನ್ನು ಗೋಣಿಯಲ್ಲಿ ಸುತ್ತಿ, ಜೀಪಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಳಸ ಪೇಟೆಗೆ ಹೋದೆ. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹೆಂಗಸೊಬ್ಬರು ನನ್ನ ಕಥೆ ಕೇಳಿ ನಕ್ಕರು.

"ಗೋಡೌನಲ್ಲಿ ಚೀಲ ಹಂಗೇ ಇರ್ತಾವೆ ಮಾರಾಯ್ರೆ. ಬೀಗದ ಕೈ ಇರೋರನ್ನ ನೀವೇ ಮನೆಗೆ ಕಳಿಸಿದೀರಿ, ಅಷ್ಟೆ."

ಪೆನ್ ಡ್ರೈವಿನಿಂದ ಬೇರೊಂದು ಪುಟ್ಟ ಸಿಸ್ಟಮ್ ಏರಿಸಿದರು. ಮಳೆಯ ಫೈಲು ಇದ್ದಲ್ಲೇ ಇತ್ತು! ಹೋದ ಜೀವ ಬಂದಂತಾಯಿತು. ಜೀವ ಬಂದ ಕೂಡಲೇ ನನ್ನ ಕೆಟ್ಟ ಕುತೂಹಲವೂ ಬಂತು. ನಾನು ಅಳಿಸಿದ್ದಾದರೂ ಯಾರನ್ನು ಎಂದು ಕೇಳಿದೆ.

ಇಂಥವರನ್ನೇ ಎನ್ನುತ್ತ ಅವರು, ಆ ಪುಟ್ಟ ಸಿಸ್ಟಮಿನಲ್ಲಿ ಆಗ ಓಡುತ್ತಿದ್ದ ಪ್ರೋಗ್ರಾಮುಗಳ ಪಟ್ಟಿ ತೆರೆದರು. ಕೀಲಿಮಣೆಯನ್ನು ಯಾರೂ ಮುಟ್ಟಿರಲಿಲ್ಲ, ಆದರೂ ಎಷ್ಟೊಂದು ಹೆಸರುಗಳು ದುಡಿಯುತ್ತಿದ್ದವು. ಒಂದು ಗಡಿಯಾರ ನೋಡುತ್ತದೆ, ಇನ್ನೊಂದು ಕೀಲಿ ಒತ್ತುವುದನ್ನೇ ಕಾಯುತ್ತದೆ, ಮತ್ತೊಂದು ಪ್ರಿಂಟರಿನ ಸರದಿ ನೋಡಿಕೊಳ್ಳುತ್ತದೆ.

"ಇವ್ರಿಗೆಲ್ಲ ಮೇಸ್ತ್ರಿ ಯಾರು?"

"ಕರ್ನಲ್ ಅಂತ, ಸಿಸ್ಟಮಿನ ತಿರುಳು. ಯಾರಿಗೆ ಎಷ್ಟು ಹೊತ್ತು, ಎಷ್ಟು ಜಾಗ ಅಂತ ಹಂಚೋದು ಅದೇ."

"ರಜೆ ಇಲ್ವ ಅದಕ್ಕೆ?"

"ನೀವು ಕೊಡೋವರೆಗೂ ಇರ್ಲಿಲ್ಲ."

ಮಳೆಯ ಫೈಲನ್ನು ಹಾಗೇ ಉಳಿಸಿ, ಹೊಸ ಸಿಸ್ಟಮ್ ಹಾಕಿಸಿಕೊಂಡು ಸಂಜೆ ಮರಳಿದೆ. ಅಮ್ಮಾವ್ರು ಆಫೀಸಿನ ಬಾಗಿಲಲ್ಲೇ ಕೂತಿದ್ದರು. ಮುಚ್ಚಿಡಲಾಗದೆ ಎಲ್ಲವನ್ನೂ ಒಪ್ಪಿಕೊಂಡೆ. ಆಗಲೇ ನೆನಪಾದದ್ದು: ಈ ಗಡಿಬಿಡಿಯಲ್ಲಿ ಮೂರು ದಿನ ನಾನು ಮಳೆಮಾಪಕದ ಕಡೆ ತಲೆಯೇ ಹಾಕಿರಲಿಲ್ಲ.

ಅವರು ಸೆರಗಿನ ಗಂಟಿನಿಂದ ಕ್ಯಾಲೆಂಡರಿನ ಹರಿದ ಹಾಳೆಯೊಂದನ್ನು ತೆಗೆದರು. ನಡುಗುವ ಅಕ್ಷರದಲ್ಲಿ ಮೂರು ದಿನದ ಮಳೆ.

"ಮಿಷನ್ ಕೆಟ್ರೆ ಮಳೆ ನಿಲ್ಲುತ್ತಾ ರೈಟ್ರೇ? ತಗೊಳ್ಳಿ, ಸೇರಿಸಿ."

ಮಳೆಮಾಪಕ ಇರುವುದು ಇಪ್ಪತ್ತೆರಡು ಮೆಟ್ಟಿಲು ಕೆಳಗೆ. ಗೋಣಿ ಬಿಚ್ಚಿ ಯಂತ್ರ ಜೋಡಿಸಿದೆ. ಮೂರೂ ಅಂಕಿಗಳನ್ನು ಟೈಪ್ ಮಾಡಿದೆ. ಹಾಳೆಯನ್ನು ಮಾತ್ರ ಒಲೆಗೆ ಹಾಕಲಿಲ್ಲ.