ಕೋಫಿಗೆ ಸಿಗದ ಗಿಮ್ನಾಜಿಯುಂ

ಹತ್ತು ವರ್ಷದ ಮಗು ಮುಂದೆ ಎಂಜಿನಿಯರ್ ಆಗುವುದೋ ಗಾರೆ ಕೆಲಸಕ್ಕೆ ಹೋಗುವುದೋ ಎಂಬುದನ್ನು ಇಲ್ಲಿ ಜರ್ಮನಿಯಲ್ಲಿ ನಾಲ್ಕನೆಯ ತರಗತಿಯ ಟೀಚರೇ ಹೇಳಿಬಿಡುತ್ತಾರೆ. ಕಾರ್ಲ್ಸ್‌ರುಹೆಗೆ ಬಂದ ಹೊಸತರಲ್ಲಿ ಇದನ್ನು ಕೇಳಿ ನಕ್ಕಿದ್ದೆ. ನಮ್ಮ ಧಾರವಾಡದಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದವರೂ ಮುಂದೆ ವಕೀಲರಾಗಿದ್ದಾರೆ. ಇಲ್ಲಿ ಟೀಚರ್ ಒಪ್ಪಿದರೆ ಗಿಮ್ನಾಜಿಯುಂ, ಅಂದರೆ ಕಾಲೇಜಿನ ದಾರಿ; ಇಲ್ಲದಿದ್ದರೆ ಕಸುಬಿನ ದಾರಿಯ ಹೌಪ್ಟ್‌ಶೂಲೆ.

ನನ್ನ ಗಂಡ, ಕಂಪ್ಯೂಟರಿನವರಿಗೆಂದು ಇಲ್ಲಿಯ ಸರ್ಕಾರ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ನಮ್ಮನ್ನು ಕರೆತಂದಾಗ ಮಗಳು ಸಹನಾಗೆ ಜರ್ಮನ್ನಿನ ಗಂಧಗಾಳಿ ಇರಲಿಲ್ಲ. ಅವಳಿಗೆ ಭಾಷೆ ಕಲಿಸಿದವನು, ಲೆಕ್ಕ ಹೇಳಿಕೊಟ್ಟವನು ಕೆಳಗಿನ ಮನೆಯ ಕೋಫಿ. ಘಾನಾದಿಂದ ಬಂದು ಆಸ್ಪತ್ರೆಯಲ್ಲಿ ನೆಲ ಒರೆಸುವ ಅಕುವಾಳ ಮಗ, ಸಹನಾಳದೇ ತರಗತಿ. ನನ್ನ ಅಡುಗೆಮನೆಯಲ್ಲಿ ಚಪಾತಿ ತಿನ್ನುತ್ತಲೇ ಬಾಯಿಲೆಕ್ಕ ಮುಗಿಸುತ್ತಿದ್ದ. ದೊಡ್ಡವರು ಮಾತಾಡಿಸಿದರೆ ತಲೆ ತಗ್ಗಿಸುತ್ತಿದ್ದ. ಅಕುವಾ ಹಾಗೆ ಬೆಳೆಸಿದ್ದಳು. ನಮ್ಮಲ್ಲೂ ಹಾಗೆಯೇ ತಾನೆ? ನನಗಂತೂ ಅವನೆಂದರೆ ಅಕ್ಕರೆ.

ವಸಂತದಲ್ಲಿ ತೀರ್ಮಾನ ಬಂತು. ಸಹನಾಗೆ ಗಿಮ್ನಾಜಿಯುಂ, ಕೋಫಿಗೆ ಹೌಪ್ಟ್‌ಶೂಲೆ. ಅಕುವಾ ನನ್ನನ್ನೂ ಕರೆದುಕೊಂಡು ಟೀಚರ್ ಹತ್ತಿರ ಹೋದಳು.

"ಕಣ್ಣೆತ್ತಿ ನೋಡುವುದಿಲ್ಲ, ಕೈ ಎತ್ತಿ ಉತ್ತರ ಹೇಳುವುದಿಲ್ಲ. ಅವನಿಗೆ ಗಿಮ್ನಾಜಿಯುಂ ಹೊರೆಯಾಗುತ್ತದೆ," ಎಂದರು ಟೀಚರ್, ಮೃದುವಾಗಿಯೇ.

"ನನ್ನ ಮಗಳೂ ಕೈ ಎತ್ತುವುದಿಲ್ಲವಲ್ಲ?" ಎಂದೆ, ನನ್ನ ಹರಕುಮುರುಕು ಜರ್ಮನ್ನಿನಲ್ಲಿ.

"ಅವಳದು ನಾಚಿಕೆಯ ಸ್ವಭಾವ. ಮನೆಯಲ್ಲಿ ಕಂಪ್ಯೂಟರ್ ಬಲ್ಲ ಅಪ್ಪ ಇದ್ದಾರೆ. ನಿಮ್ಮ ವಿಷಯವೇ ಬೇರೆ."

ಅಕುವಾ ಎದ್ದು ಬಾಗಿಲತ್ತ ನಡೆದಳು. ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಆ ಮಾತೇನೂ ಹೊಸದಾಗಿರಲಿಲ್ಲ. ನಮ್ಮೂರ ಶಾಲೆಯಲ್ಲೂ ಕೇರಿಯ ಮಕ್ಕಳು ಯಾವಾಗಲೂ ಹಿಂದಿನ ಸಾಲಿನಲ್ಲಿ. ಅಲ್ಲಿ ಮುಂದೆ ಕೂತಿದ್ದ ನಾನು ಇಲ್ಲೂ ಮುಂದಿನ ಸಾಲಿಗೇ ಬಂದು ಬಿದ್ದಿದ್ದೆ.

"ನಮ್ಮ ಹುಡುಗಿಗಿ ಸಿಕ್ತಲ್ಲ, ಬಿಡು. ನಾವs ಹೊರಗಿನವ್ರು, ಊರ ಉಸಾಬರಿ ಯಾಕ ಬೇಕು?" ಎಂದರು ನನ್ನವರು, ಸಂಜೆ ವಿಷಯ ಕೇಳಿ. ನಾನು ಸಹನಾಳ ಹೊಸ ಶಾಲೆಯ ಅರ್ಜಿ ತುಂಬಲು ಕೂತೆ.

ಈಗ ಇಬ್ಬರೂ ಒಂದೇ ನಿಲ್ದಾಣದಿಂದ ಬೇರೆ ಬೇರೆ ಟ್ರಾಮ್ ಹತ್ತುತ್ತಾರೆ. ಶನಿವಾರ ಮಾತ್ರ ಕೋಫಿ ತಪ್ಪದೆ ಬರುತ್ತಾನೆ.

ಮೊನ್ನೆ ಅವನಿದ್ದಾಗಲೇ ಧಾರವಾಡದಿಂದ ಅವ್ವನ ಫೋನು ಬಂತು.

"ಅಲ್ಲೆ ಬಣ್ಣ ನೋಡಿ ಭೇದ ಮಾಡ್ತಾರಂತ. ಖರೇನೇನವಾ?"

"ನಮಗೇನೂ ಮಾಡೂದಿಲ್ಲವ್ವಾ," ಅಂದೆ.

ಎದುರಿಗೆ ಕೋಫಿ ಸಹನಾಳ ಗಿಮ್ನಾಜಿಯುಮ್ಮಿನ ಲೆಕ್ಕ ಬಿಡಿಸುತ್ತಿದ್ದ. ಮುಗಿಸಿ, ನನ್ನತ್ತ ನೋಡಿ ನಕ್ಕ. ಪುಣ್ಯಕ್ಕೆ ಅವನಿಗೆ ಕನ್ನಡ ಬರುವುದಿಲ್ಲ.