ಬಾಗಿಲಲ್ಲಿ ಕೆಮ್ಮಿದವರು

ಮೊಮ್ಮಗಳು ಕಮಾಂಡೊ ತರಬೇತಿ ಮುಗಿಸಿ ಬಂದಿದ್ದಾಳೆ. ಈ ಸಂತೋಷವನ್ನು ಓಣಿಯಲ್ಲಿ ಕಂಡವರಿಗೆಲ್ಲ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಬಂದೂಕಿನವರು ಅಡಗಿದ ಮನೆಗೆ ನುಗ್ಗುವುದನ್ನು ಅವಳಿಗೆ ಕಲಿಸಿದ್ದಾರಂತೆ. ಆ ಪಾಠ ಎಲ್ಲೆಲ್ಲಿ ಬೆಳೆದು ಬಂತೋ ನನಗೆ ತಿಳಿಯದು. ನಾನು ಕಂಡದ್ದು ಬೀದರದ ಒಂದು ಓಣಿಯಲ್ಲಿ.

ನಮ್ಮ ಬೀದರ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನನ್ನ ಯಜಮಾನರು ಔರಾದದಲ್ಲಿ ಪೊಲೀಸರಾಗಿದ್ದರು. ಬಂದೂಕಿನವರನ್ನು ಹಿಡಿಯಲು ಬೀದರದಲ್ಲಿ ಹೊಸ ತುಕಡಿ ಕಟ್ಟುತ್ತಾರೆಂದು ಇವರನ್ನೂ ಕರೆದರು. ಕವಾಯತಿನಲ್ಲಿ ಪಾಸಾದರೆ ಬೀದರ, ಇಲ್ಲವಾದರೆ ಮತ್ತೆ ಔರಾದ. ಔರಾದದಲ್ಲಿದ್ದಾಗಲೇ ನಾನು ಮೊದಲ ಕೂಸನ್ನು ಕಳಕೊಂಡಿದ್ದೆ. ಬಂಡಿ ಭಾಲ್ಕಿಯ ದವಾಖಾನೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಈಗ ಮತ್ತೆ ಬಸುರಿ; ಬೀದರದಲ್ಲಾದರೆ ದವಾಖಾನೆ ಹತ್ತಿರ.

ಬೀದರದ ನಮ್ಮ ಬಾಡಿಗೆ ಮನೆಯ ಎದುರು ಯಾರೂ ಇರದ ಒಂದು ದೊಡ್ಡ ಹಳೇ ಮನೆ, ಪಾಳು ವಾಡೆ; ಅಲ್ಲಿ ಕವಾಯತು ನಡೆಯುತ್ತಿತ್ತು. ಮಾಳಿಗೆಯ ಮೇಲೆ ಜೋಳ ಹರವುತ್ತ ನಾನು ನೋಡುತ್ತಿದ್ದೆ. ಉಳಿದವರು ಬಾಗಿಲು ಒದ್ದು ನುಗ್ಗಿದರು. ಇವರು ಹೊಸ್ತಿಲ ಹೊರಗೆ ನಿಂತು ಕೆಮ್ಮಿದರು. ನಮ್ಮಲ್ಲಿ ಗಂಡಸರು ಹಾಗೆ ಕೆಮ್ಮಿಯೇ ಒಳಗೆ ಬರುವುದು. ಹೆಂಗಸರಿಗೆ ಸೆರಗು ಸರಿಮಾಡಿಕೊಳ್ಳಲು ಹೊತ್ತು ಸಿಗಬೇಕಲ್ಲ.

ಕಲಿಸುವ ಉಸ್ತಾದರು ಹಣೆ ಚಚ್ಚಿಕೊಂಡರು. "ಬೀಗರ ಮನಿಗಿ ಬಂದೀಯೇನೋ? ಚಾ ತರಸ್ಲ್ಯಾ?"

"ಒಳಗ ಹೆಣ್ಮಕ್ಳು ಇದ್ರ ಹ್ಯಾಂಗ್ರಿ?" ಎಂದರು ಇವರು.

"ಪಾಳು ವಾಡೇದಾಗ ಯಾವ ಹೆಣ್ಮಗಳೋ?"

"ಇಲ್ಲಿ ಇಲ್ರಿ. ನಾಳಿ ನಾವು ಹೋಗೋ ಮನ್ಯಾಗ ಇರ್ತಾರಲ್ರಿ."

"ನಡಿ, ಔರಾದಕ್ಕ ಹೋಗಿ ಕೆಮ್ಮು."

ನಾನು ಜೋಳ ಅಲ್ಲೇ ಬಿಟ್ಟು ಕೆಳಗಿಳಿದು ಪಾತ್ರೆ ಕಟ್ಟತೊಡಗಿದೆ. ಅಳಲಿಕ್ಕೂ ಮೈಯಲ್ಲಿ ತ್ರಾಣ ಇರಲಿಲ್ಲ.

ಸಂಜೆ ಇವರು ಬಂದು ಬೂಟು ಸಹ ಬಿಚ್ಚದೆ ಗೋಡೆಗೆ ಒರಗಿದರು. "ಗಂಟು ಬಿಚ್ಚು. ಬೀದರದಾಗ ಉಳದ್ವಿ."

ಇವರ ಮಾತಿನ ಮೇಲೆ ತುಕಡಿಯಲ್ಲಿ ಮಧ್ಯಾಹ್ನವೆಲ್ಲ ವಾದ ನಡೆದು, ಉಸ್ತಾದರು ಪಾಠವನ್ನೇ ಬದಲಿಸಿ ಇವರನ್ನೂ ಪಾಸು ಮಾಡಿದ್ದರಂತೆ. ಮೊದಲು ಮನೆಯ ಸುತ್ತ ನಿಲ್ಲಬೇಕು, ಅಕ್ಕಪಕ್ಕದ ಮಾಳಿಗೆ ಹಿಡಿಯಬೇಕು. ಒಬ್ಬ ಬಾಗಿಲಿಗೆ ಹೋಗಿ ಕೂಗಬೇಕು. ಹೆಂಗಸರು ಮಕ್ಕಳು ಹೊರಬಂದ ಮೇಲೆಯೇ ನುಗ್ಗಬೇಕು.

"ಕೂಗೋರು ಯಾರು?" ಎಂದೆ.

"ನಾನೇ" ಎಂದು ಇವರು ಬಗ್ಗಿ ಬೂಟಿನ ಲಾಡಿ ಬಿಚ್ಚತೊಡಗಿದರು.

"ಬಾಗಿಲಿಗಿ ಹೋದವರಿಗೇ ಮೊದಲ ಗುಂಡು ಬಡೀತದಲ್ರಿ?"

"ಬಾಗಿಲ ಬಾಜೂಕ, ಗ್ವಾಡಿ ಮರಿಗಿ ನಿಂತು ಕೂಗ್ತೇನಿ, ಬಿಡು."

ಕೂಸು ಬೀದರದಲ್ಲೇ ಹುಟ್ಟಿ ಬದುಕಿತು. ಅದನ್ನು ಎತ್ತಿಕೊಂಡಾಗ ನನ್ನ ಎದೆ ತುಂಬಿ ಬಂದದ್ದು ಈಗಲೂ ಹಾಗೇ ಇದೆ. ಆದರೆ ತುಕಡಿಯ ಲಾರಿ ಹೊರಟಾಗಲೆಲ್ಲ ಆ ಕೂಸನ್ನು ಮಡಿಲಲ್ಲಿಟ್ಟುಕೊಂಡು, ಇವರು ತಿರುಗಿ ಬರುವವರೆಗೆ ಕಟ್ಟೆಯ ಮೇಲೆ ಕೂಡುತ್ತಿದ್ದೆ. ಕೂಸು ದೊಡ್ಡದಾದ ಮೇಲೂ, ಇವರಿಗೆ ಪೆನ್ಶನ್ ಆಗುವವರೆಗೆ ಹಾಗೆ ಕೂತು ಕೂತು ನನ್ನ ಸೊಂಟ ಹೋಯಿತು.