ಕಾಲ ಕೆಳಗಿನ ಮೊಟ್ಟೆಗಳು

“ಅಲ್ಲಾಡಬೇಡಿ. ನೀವು ಮೊಟ್ಟೆಗಳ ಮೇಲೆ ನಿಂತಿದ್ದೀರಿ.”

ದಡದಿಂದ ವಯಸ್ಸಾದ ಹೆಂಗಸೊಬ್ಬರು ಇಂಗ್ಲಿಷಿನಲ್ಲಿ ಹೀಗೆ ಕೂಗಿದಾಗ ನಾನು ವಿದೇಶದಲ್ಲಿ ನಾನಿರುವ ಅತ್ಲೋನ್ ಊರಿನ ಹೊರಗಿನ ಹಳ್ಳದಲ್ಲಿ, ಮೊಣಕಾಲುದ್ದ ನೀರಿನಲ್ಲಿ, ಬೊಗಸೆಯಲ್ಲಿ ಎಳ್ಳು ಹಿಡಿದು ನಡುಗುತ್ತಿದ್ದೆ. ಮೈಸೂರಿನಲ್ಲಿ ಅಪ್ಪ ತೀರಿಕೊಂಡು ಹತ್ತು ದಿನವಾಗಿತ್ತು. ಕೋವಿಡ್‌ನಿಂದಾಗಿ ಹೋಗಲಾಗಿರಲಿಲ್ಲ, ಇಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟುವಂತೆಯೂ ಇರಲಿಲ್ಲ. ಪುರೋಹಿತರು ಫೋನಿನಲ್ಲಿ, “ಹರಿಯೋ ನೀರಲ್ಲಿ ನಿಂತು ಎಳ್ಳುನೀರು ಬಿಟ್ಬಿಡಿ, ಸಾಕು” ಎಂದಿದ್ದರು.

ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು ದಡ ಸೇರಿದೆ. ಆಕೆ ಟ್ರಾವೆಲರ್ ಎಂಬ ಇಲ್ಲಿನ ಅಲೆಮಾರಿ ಸಮುದಾಯದವರು. ಸಾಲ್ಮನ್ ಮೀನು ಕಡಿಮೆಯಾಗುತ್ತಿದೆಯೆಂದು ಪ್ರತಿ ಚಳಿಗಾಲ ತಮ್ಮವರ ಮಕ್ಕಳನ್ನು ಕರೆತಂದು, ಸಮುದ್ರದಿಂದ ವಾಪಸು ಬಂದ ಮೀನು ಜಲ್ಲಿ ಕೆದರಿ ಮೊಟ್ಟೆ ಮುಚ್ಚಿಡುವ ಜಾಗಗಳನ್ನು ತೋರಿಸುತ್ತಿದ್ದರಂತೆ. ಆ ವರ್ಷ ಮಕ್ಕಳನ್ನು ಸೇರಿಸುವಂತಿರಲಿಲ್ಲ. ಒಬ್ಬರೇ ಕಾವಲಿಗೆ ಬಂದಿದ್ದರು.

ಅಪ್ಪನ ವಿಷಯ ಹೇಳಿದೆ. ಆಕೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ನಾನು ದಡದಿಂದಲೇ ಎಳ್ಳುನೀರು ಬಿಡುವವರೆಗೂ ದೂರದಲ್ಲಿ ಕಾದರು. “ಎಷ್ಟು ಮೊಟ್ಟೆ ಒಡೆದಿರಬಹುದು?” ಎಂದು ಕೇಳಿದೆ.

“ನನಗೂ ಗೊತ್ತಿಲ್ಲ. ಮರಿಗಳು ಹೊರಗೆ ಬರೋದು ವಸಂತದಲ್ಲಿ.”

ಆ ಚಳಿಗಾಲವಿಡೀ ನೆಮ್ಮದಿಯಿಲ್ಲದೆ ವಾರಕ್ಕೆ ಎರಡು ಸಲ ಹೋಗಿ ಇಣುಕಿದೆ. ಏಪ್ರಿಲ್ ಕೊನೆಗೆ ಕಡ್ಡಿಯಂಥ ಮರಿಗಳು ಕಂಡವು. ಅವು ನಾನು ತುಳಿದ ಜಾಗದವೋ, ಪಕ್ಕದವೋ, ಹೇಳುವವರಿಲ್ಲ. ಈಗಲೂ ಅಪ್ಪನ ತಿಥಿ ಬಂದರೆ ಮೊದಲು ನೆನಪಾಗುವುದು ಅವರ ಮುಖವಲ್ಲ, ಅಂಗಾಲಿನಡಿ ಮೆತ್ತಗೆ ಕುಸಿದ ಆ ಸಡಿಲ ಜಲ್ಲಿ.